ಮಂಜುಗಣ್ಣನ ಕಾಲುಚೀಲ

ಬಹಳ ಬಹಳ ಹಿಂದೆ, ಕುರಿಗಳು ಬೇಕಾದಷ್ಟಿದ್ದು ಬಿಸಿಲಿಗೆ ಮಾತ್ರ ಬರವಿದ್ದ ಒಂದು ರಾಜ್ಯವಿತ್ತು. ಅದರ ಹೆಸರು ಹೆಪ್ಪುನಾಡು. ಅಲ್ಲಿಯ ಜನ ಹುಟ್ಟಿದ ಮಗುವಿಗೆ ಹೆಸರಿಡುವ ಮೊದಲು ಉಣ್ಣೆಯ ಕಾಲುಚೀಲ ಹಾಕುತ್ತಿದ್ದರು, ಅಂಥ ಚಳಿ.

ಆ ನಾಡಿನಲ್ಲಿ ಒಂದು ಪದ್ಧತಿ. ಮದುವೆಯ ದಿನ ಹುಡುಗಿ ಗಂಡಿನ ಪಾದವನ್ನು ದಾರದಿಂದ ಅಳೆದು, ಹಿಮ್ಮಡಿಗೊಂದು, ಹೆಬ್ಬೆರಳಿಗೊಂದು ಗಂಟು ಹಾಕಿ ಪೆಟ್ಟಿಗೆಯಲ್ಲಿಡಬೇಕು. ಅವನು ಬದುಕಿರುವವರೆಗೆ ಅದೇ ದಾರದ ಅಳತೆಗೆ ಹೆಣೆಯಬೇಕು. ಮತ್ತೆ ಅಳತೆ ತೆಗೆಯುವುದು ಸತ್ತ ಮೇಲೆ, ಕಡೆಯ ಜೋಡಿ ತೊಡಿಸಿ ಕಳಿಸುವುದಕ್ಕೆ ಮಾತ್ರ. ಉಸಿರಾಡುವವನ ಕಾಲಿಗೆ ಎರಡನೇ ಸಲ ದಾರ ಹಿಡಿದರೆ ಸಾವನ್ನು ಮನೆಗೆ ಕರೆದ ಹಾಗೆ. ಕಾಲು ಊದಿಕೊಳ್ಳಲಿ, ಸೊರಗಲಿ, ದಾರ ಮಾತ್ರ ಅದೇ. ಎಂಥ ಜನ ನೋಡಿ!

ಹೀಗಿರುವಾಗ ಬಿಳಿಗುಡ್ಡದ ಮೇಲೆ ಮಂಜುಗಣ್ಣ ಎಂಬ ಮಾಂತ್ರಿಕ ಬಂದು ಕೂತ. ಬರಿಗಾಲನ್ನು ನೆಲಕ್ಕೆ ಊರಿದ. ಅವನ ಕಾಲಿನ ಚಳಿ ನೆಲಕ್ಕಿಳಿದು ರಾಜ್ಯಕ್ಕೆಲ್ಲ ಹಬ್ಬಿತು. ಕಾಲುಚೀಲದಲ್ಲಿ ಸಂದು ಕಂಡಲ್ಲಿ ಅದು ಒಳನುಗ್ಗುತ್ತಿತ್ತು. ನುಗ್ಗಿದ ಮೇಲೆ ಪಾದ ಕಲ್ಲು, ಮೊಣಕಾಲು ಕಲ್ಲು, ಸೊಂಟ ಕಲ್ಲು. ಎದೆಗೆ ಬಂದರೆ ಮುಗಿಯಿತು. ಸೈನಿಕರು ನಿಂತ ಕಡೆಯೇ ಕಲ್ಲಾದರು. ರಾಜನಂತೂ ಮಂಚದಿಂದ ಇಳಿಯುವುದನ್ನೇ ಬಿಟ್ಟ.

"ನನ್ನ ಕಾಲಿಗೆ ಸರಿಯಾಗಿ ಕೂರುವ ಒಂದು ಜೋಡಿ ಹೆಣೆದುಕೊಡಿ. ಚಳಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಕೂರದಿದ್ದರೆ ಹೆಣೆದವರೂ ಕಲ್ಲಾಗುತ್ತಾರೆ," ಎಂದು ಮಂಜುಗಣ್ಣ ಗುಡ್ಡದ ಮೇಲಿಂದ ಸಾರಿದ. ಹೋದ ಹೆಂಗಸರಲ್ಲಿ ಒಬ್ಬಳೂ ತಿರುಗಿ ಬರಲಿಲ್ಲ.

ಗುಡ್ಡ ದೂರದಲ್ಲಿ ಕಾಣುವ ಹಳ್ಳಿಯೊಂದರಲ್ಲಿ ಕೆಂಚವ್ವ ಎಂಬ ಹೆಣಿಗೆಯವಳಿದ್ದಳು. ಗಂಡ ಮಾಳಪ್ಪ ಕುರಿ ಕಾಯುವವನು. ಹಿಂದಿನ ವರ್ಷ ಬಂಡೆ ಉರುಳಿ ಅವನ ಎಡಗಾಲಿನ ಎರಡು ಬೆರಳು ಹೋಗಿದ್ದವು. ಆದರೂ ಕೆಂಚವ್ವ ಮದುವೆಯ ದಾರದ ಅಳತೆಗೇ ಹೆಣೆದಳು. ತುದಿ ಸಡಿಲವಾಯಿತು. ಚಳಿ ಅಲ್ಲಿಂದಲೇ ಹೊಕ್ಕಿತು. ಮಾಳಪ್ಪ ಮೊಣಕಾಲಿನವರೆಗೆ ಕಲ್ಲಾಗಿ ಗೋಡೆಗೊರಗಿ ಕೂತ.

"ಅತ್ತೆ, ಒಂದೇ ಒಂದು ಸಲ ಅಳತೆ ತೆಗೆಯಲಾ? ಸಂದಿಲ್ಲದ ಹಾಗೆ ಹೆಣೆಯುತ್ತೇನೆ," ಎಂದು ಕೆಂಚವ್ವ ಕೇಳಿದಳು.

ಅತ್ತೆ ಗಿರಿಯವ್ವನ ಬಾಯಿಗೆ ಊರೇ ಹೆದರುತ್ತಿತ್ತು. "ಮುಚ್ಚೇ ಬಾಯಿ, ಮನೆಹಾಳಿ! ಮಗ ಕಣ್ಣು ಬಿಟ್ಟು ಕೂತಿರುವಾಗಲೇ ಹೆಣದ ಅಳತೆ ತೆಗೆಯುತ್ತೀಯಾ? ನಿನ್ನ ಕೈಗಿಷ್ಟು ಬೆಂಕಿ ಹಾಕ!"

ಕೆಂಚವ್ವ ಅತ್ತಳು. ಅತ್ತು ಮುಗಿದ ಮೇಲೆ ಐದು ಹೆಣಿಗೆ ಕಡ್ಡಿ, ಒಂದು ಉಣ್ಣೆಯುಂಡೆ, ನಾಲ್ಕು ರೊಟ್ಟಿ ಕಟ್ಟಿಕೊಂಡಳು.

"ಹೋಗಬೇಡ ಕೆಂಚಿ," ಎಂದ ಮಾಳಪ್ಪ. "ನಾನು ಕಲ್ಲಾದರೆ ಆಗಲಿ. ಆಗುವವರೆಗೆ ನಿನ್ನ ಮುಖವಾದರೂ ಕಾಣುತ್ತಿರಲಿ."

"ಸುಮ್ಮನಿರಿ. ನಿಮ್ಮನ್ನು ಕಲ್ಲು ಮಾಡಿದ್ದು ನನ್ನ ಕೈ. ಈ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರಲಾರೆ ರೀ," ಎಂದು ಅವಳು ಹೊರಟಳು.

ನಡೆದಳು, ನಡೆದಳು. ಒಂದು ಕಣಿವೆ ಅಡ್ಡ ಬಂತು. ಅದರ ಅಂಚಿನ ಹೆಪ್ಪುಗಟ್ಟಿದ ಹಳ್ಳದಲ್ಲಿ ಮನೆಯೆತ್ತರದ ಕೊಕ್ಕರೆಯೊಂದು ಒಂಟಿಗಾಲಲ್ಲಿ ನಿಂತಿತ್ತು.

"ಕಾಲು ಮಂಜಿಗೆ ಅಂಟಿಹೋಗಿದೆ ಕಣವ್ವ. ಬೆಚ್ಚಗೊಂದು ಹೆಣೆದುಕೊಡು, ಕಣಿವೆ ದಾಟಿಸುತ್ತೇನೆ," ಎಂದಿತು ಕೊಕ್ಕರೆ.

ಕೆಂಚವ್ವ ಅಜ್ಜಿ ಕಲಿಸಿದ ಎಣಿಕೆಯಂತೆ ಕಡ್ಡಿಗೆ ಅರವತ್ತು ಕುಣಿಕೆ ಹಾಕಿ ಹೆಣೆದಳು. ತೊಡಿಸಿದರೆ ಗೂಟಕ್ಕೆ ಗೋಣಿಚೀಲ ನೇತುಹಾಕಿದ ಹಾಗಾಯಿತು. ಎಲ್ಲ ಬಿಚ್ಚಿದಳು. ಎಣಿಕೆ ಮರೆತು ಕಾಲನ್ನೇ ದಿಟ್ಟಿಸಿದಳು. ಇಪ್ಪತ್ತೇ ಕುಣಿಕೆ ಸಾಕು. ಹಿಮ್ಮಡಿಯಿಲ್ಲದ ಕಾಲಿಗೆ ಹಿಮ್ಮಡಿಯ ತಿರುವು ಯಾಕೆ? ಉದ್ದಕ್ಕೆ ಕೊಳವೆಯಂತೆ ಹೆಣೆದಳು. ಕಾಲು ಮಂಜಿನಿಂದ ಬಿಟ್ಟುಕೊಂಡಿತು. ಕೊಕ್ಕರೆ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾರಿತು.

ಮತ್ತೆ ನಡೆದಳು. ಗುಡ್ಡದ ದಾರಿಗೆ ಒಂದು ಹೆಬ್ಬಂಡೆ ಅಡ್ಡವಿತ್ತು. ಪಕ್ಕದಲ್ಲಿ ಕರಡಿಯೊಂದು ಅಂಗಾಲು ನೆಕ್ಕುತ್ತ ನರಳುತ್ತಿತ್ತು.

"ಬಂಡೆ ಸರಿಸುತ್ತೇನೆ, ನನಗೂ ಒಂದು ಜೋಡಿ ಮಾಡಿಕೊಡು," ಎಂದಿತು ಕರಡಿ.

ಮೊದಲ ಜೋಡಿಯನ್ನು ಅದರ ಉಗುರು ಪರಪರ ಹರಿಯಿತು. ಎರಡನೆಯದೂ ಹರಿಯಿತು. "ಥೂ ನನ್ನ ಬುದ್ಧಿಗೆ! ಉಗುರಿಗೆ ಯಾವ ಚಳಿ?" ಎಂದು ಕೆಂಚವ್ವ ಬೆರಳ ತುದಿಯನ್ನು ತೆರೆದೇ ಬಿಟ್ಟು, ಅಂಗಾಲಿಗೆ ಎರಡೆಳೆ ಕೂಡಿಸಿ ದಪ್ಪಗೆ ಹೆಣೆದಳು. ಜೋಡಿ ಕೂತಿತು, ಬಂಡೆ ಸರಿಯಿತು. ಆದರೆ ಉಣ್ಣೆಯುಂಡೆ ಮುಗಿದುಹೋಯಿತು. ಮನೆ ಬಿಟ್ಟು ಆಗಲೇ ಎಂಟು ದಿನ. ಕಲ್ಲು ಗಂಡನ ಸೊಂಟಕ್ಕೆ ಬಂತೋ, ಎದೆಗೇ ಬಂತೋ ಎಂದು ನೆನೆದು ಅವಳು ಇನ್ನೂ ಬಿರುಸಾಗಿ ಹತ್ತಿದಳು.

ಒಂಬತ್ತನೆಯ ದಿನ ಬಿಳಿಗುಡ್ಡದ ನೆತ್ತಿಗೆ ಬಂದಳು. ಮಂಜುಗಣ್ಣ ಕೂತಿದ್ದ. ಸುತ್ತ ಹೆಂಗಸರು, ಎಲ್ಲರೂ ಕಲ್ಲು. ಎಲ್ಲರ ಕೈಯಲ್ಲೂ ಅರವತ್ತು ಕುಣಿಕೆಯ ಕಾಲುಚೀಲ. ಮಾಂತ್ರಿಕನ ಪಾದಗಳು ದಟ್ಟ ಮಂಜಿನಲ್ಲಿ ಹೂತಿದ್ದವು, ಕಣ್ಣಿಗೆ ಬೀಳುತ್ತಿರಲಿಲ್ಲ.

"ನಿಮ್ಮ ಮದುವೆಯ ದಾರ ಎಲ್ಲಿದೆ?" ಎಂದು ಕೆಂಚವ್ವ ಕೇಳಿದಳು.

"ನನಗೆ ಮದುವೆ ಆಗಲಿಲ್ಲ. ನನ್ನ ಕಾಲಿಗೆ ಯಾರೂ ದಾರ ಹಿಡಿಯಲಿಲ್ಲ."

ಕೆಂಚವ್ವ ಯೋಚಿಸಿದಳು. ಮದುವೆಯ ಅಳತೆ ಇಲ್ಲದಿದ್ದರೆ ಉಳಿಯುವುದು ಇನ್ನೊಂದೇ ಅಳತೆ. ಸಾವು ಬರುವುದಾದರೆ ಇಲ್ಲಿಗೇ ಬರಲಿ, ನನ್ನ ಮನೆಗೆ ಬೇಡ ಎಂದುಕೊಂಡಳು. ಸೆರಗಿನಿಂದ ಒಂದೆಳೆ ಹಿರಿದು ಮಂಜಿನೊಳಗೆ ಕೈ ಹಾಕಿದಳು. ಹಿಮ್ಮಡಿ ಮುಂದೆ ಸಿಕ್ಕಿತು, ಬೆರಳು ಹಿಂದೆ ಸಿಕ್ಕವು. ಹಿಂದುಮುಂದಾದ ಕಾಲು ಯಾರದೆಂದು ಸಣ್ಣ ಮಕ್ಕಳಿಗೂ ಗೊತ್ತು.

"ಅಯ್ಯೋ ಶಿವನೇ! ನೀವು ಸತ್ತು ಎಷ್ಟು ಕಾಲವಾಯಿತು?"

ಮಂಜುಗಣ್ಣ ಮಂಜಿನಲ್ಲಿ ಹೂತ ತನ್ನ ಕಾಲಿನ ಕಡೆ ನೋಡಿದ. "ಇಲ್ಲಿ ದಾರಿ ತಪ್ಪಿದ್ದೆ," ಎಂದ. "ಯಾರಾದರೂ ಹುಡುಕಿಕೊಂಡು ಬರುತ್ತಾರೆ ಅಂತ ಕೂತೆ. ಸತ್ತೆನೇನು? ನನಗೆ ಯಾರೂ ಹೇಳಲೇ ಇಲ್ಲವಲ್ಲ."

ಕೆಂಚವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಇವನಿಂದ ಎಷ್ಟು ಮನೆ ಹಾಳಾಯಿತು! ಆದರೂ ಇವನಿಗೆ ಕಡೆಯ ಜೋಡಿ ತೊಡಿಸುವವರು ಒಬ್ಬರೂ ಇರಲಿಲ್ಲವಲ್ಲ! ಉಣ್ಣೆ ಇರಲಿಲ್ಲ. ತನ್ನ ಕಾಲಿನದನ್ನೇ ಬಿಚ್ಚಿ ಎಳೆ ಸುತ್ತಿಕೊಂಡಳು. ಚಳಿ ಹುಟ್ಟುವ ಜಾಗವೇ ಅದು, ಬರಿಗಾಲನ್ನು ನೆಲಕ್ಕಿಟ್ಟ ಕೂಡಲೇ ಬೆರಳು ಕಲ್ಲಾದವು. ಹಿಮ್ಮಡಿಯ ತಿರುವನ್ನು ಮುಂದಕ್ಕೆ ತಂದು ಹೆಣೆದಳು. ಒಂದು ಮುಗಿಯುವಾಗ ಪಾದ ಕಲ್ಲಾಗಿತ್ತು. ಎರಡನೆಯದು ಮುಗಿಯುವಾಗ ಕಲ್ಲು ಸೊಂಟ ಮುಟ್ಟಿತ್ತು. ಬಾಗಿ ತೊಡಿಸಿದಳು. ಒಂದು ಎಳೆಯಷ್ಟೂ ಸಂದಿಲ್ಲದೆ ಕೂತಿತು.

"ಬೆಚ್ಚಗಿದೆ ತಾಯಿ," ಎಂದ ಮಂಜುಗಣ್ಣ. ನೆಲದ ಚಳಿಯನ್ನೆಲ್ಲ ಒಂದೇ ಉಸಿರಿಗೆ ಎಳೆದುಕೊಂಡು, ಮಲಗಿ, ಕಣ್ಣು ಮುಚ್ಚಿ, ಇಲ್ಲವಾದ.

ಎದೆ ಇನ್ನೂ ಬಡಿಯುತ್ತಿದ್ದವರೆಲ್ಲ ಮತ್ತೆ ಮನುಷ್ಯರಾದರು. ಕೆಂಚವ್ವನ ಕಾಲೂ ಮೆತ್ತಗಾಯಿತು. ಎದೆ ನಿಂತವರು ಮಾತ್ರ ಕಲ್ಲಾಗಿಯೇ ಉಳಿದರು. ಗುಡ್ಡದ ಮೇಲಿನ ಹೆಂಗಸರಲ್ಲಿ ಎದ್ದವರು ಮೂವರೇ.

ಕರಡಿ ಗುಡ್ಡ ಇಳಿಸಿತು, ಕೊಕ್ಕರೆ ಕಣಿವೆ ದಾಟಿಸಿತು. ಕೆಂಚವ್ವ ಬರಿಗಾಲಲ್ಲಿ ಓಡಿದಳು. ಬಾಗಿಲಲ್ಲಿ ಮಾಳಪ್ಪ ತನ್ನ ಕಾಲ ಮೇಲೆ ತಾನೇ ನಿಂತಿದ್ದ. ಅವಳು ಅವನ ಎದೆಗೆ ಕಿವಿಯಿಟ್ಟು ಕೇಳಿ ಗೋಳೋ ಎಂದು ಅತ್ತಳು. ಆಮೇಲೆ ಅವನ ಕಾಲು ನೋಡಿದಳು. ಅವಳು ಹೆಣೆದ ಕಾಲುಚೀಲದ ಮೇಲೆ ಇನ್ನೊಂದು ಜೋಡಿಯಿತ್ತು, ಹಳೆಯದು, ಕಂದು ಅಂಚಿನದು. ಅದು ಗಿರಿಯವ್ವನದು.

"ನೀನು ಹೋದ ದಿನವೇ ಬಿಚ್ಚಿ ನನಗೆ ಹಾಕಿದಳು," ಎಂದ ಮಾಳಪ್ಪ. "ಬೇಡ ಅಂದೆ. ಬೈದಳು. ಮೊನ್ನೆಯವರೆಗೂ ಬೈಯುತ್ತಲೇ ಇದ್ದಳು ಕೆಂಚಿ."

ಗಿರಿಯವ್ವ ಒಲೆಯ ಮುಂದೆ ಕಲ್ಲಾಗಿ ಕೂತಿದ್ದಳು, ಬರಿಗಾಲಲ್ಲಿ, ಮಗನ ಕಡೆ ಮುಖ ಮಾಡಿ. ಬಾಯಿ ಅರ್ಧ ತೆರೆದಿತ್ತು.

ಕೆಂಚವ್ವ ಆ ಕಲ್ಲಿನ ಪಾದಗಳನ್ನು ತನ್ನ ಮಡಿಲಿಗೆಳೆದುಕೊಂಡು ಉಜ್ಜಿದಳು. ಉಜ್ಜಿದಳು, ಉಜ್ಜಿದಳು. ಬೆಚ್ಚಗಾಗಲಿಲ್ಲ. "ಬಂದಿದ್ದೇನೆ ಅತ್ತೆ, ಮನೆಹಾಳಿ ಬಂದಿದ್ದೇನೆ," ಎಂದಳು. "ಬೈಯಿರಿ. ಒಂದೇ ಒಂದು ಮಾತು ಬೈಯಿರಿ ಅತ್ತೆ."

ಹೆಪ್ಪುನಾಡಿಗೆ ಬಿಸಿಲು ಬಂತು. ರಾಜ ಮಂಚದಿಂದ ಇಳಿದ. ಜನ ಸುಖವಾಗಿ ಬಾಳಿದರು, ಬಾಳಬೇಕಾದವರು. ಅವರು ಅಲ್ಲಿ ಬೆಚ್ಚಗಿದ್ದಾರೆ, ನಾವು ಇಲ್ಲಿ ಕಾಲು ಮಡಚಿ ಕೂತಿದ್ದೇವೆ.