ಬಾಗಿಲ ಹಿಂದಿನ ಇಂಗ್ಲಿಷ್

ಮೇಷ್ಟ್ರು ಮೇಜಿನ ಪಕ್ಕ ನೆಲದ ಮೇಲೆ ಮಲಗಿದ್ದರು. ತಲೆಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು. ಮೇಜಿನ ಕಬ್ಬಿಣದ ಅಂಚಿನಲ್ಲೂ ಒಂದಿಷ್ಟು ಮೆತ್ತಿಕೊಂಡಿತ್ತು.

“ಕಾಲು ಜಾರಿ ಬಿದ್ದಿದ್ದಾರೆ ಮೇಡಂ,” ಎಂದ ಪೇದೆ.

“ಬಿದ್ದೋರು ತಲೆ ಕೆಳಗೆ ತಾವೇ ದಿಂಬು ಇಟ್ಕೋತಾರೇನ್ರಿ?” ಎಂದಳು ಇನ್ಸ್‌ಪೆಕ್ಟರ್.

ಪೇದೆ ಬಗ್ಗಿ ನೋಡಿದ. ದಿಂಬಿತ್ತು. ಕುತ್ತಿಗೆಯವರೆಗೆ ಹೊದಿಕೆಯೂ ಇತ್ತು. ಅದರ ಅಂಚನ್ನು ಯಾರೋ ಜೋಪಾನವಾಗಿ ಮೈಯಡಿಗೆ ಸಿಕ್ಕಿಸಿದ್ದರು. ಮಕ್ಕಳಿಗೆ ಸಿಕ್ಕಿಸುವ ಹಾಗೆ. ಇನ್ಸ್‌ಪೆಕ್ಟರ್ ಅದನ್ನೇ ನೋಡುತ್ತ ನಿಂತಳು. ಈ ಊರಿಗೆ ವರ್ಗವಾದ ಮೇಲೆ ಅವಳು ಒಬ್ಬಳೇ ಇದ್ದಳು. ರಾತ್ರಿ ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದಳು. ಕೂತರೆ ಎದುರಿನ ಕುರ್ಚಿ ಕಣ್ಣಿಗೆ ಬೀಳುತ್ತಿತ್ತು.

ಒಂದೇ ಕೋಣೆಯ ಮನೆ. ಒಂದು ಮಂಚ, ಒಂದು ತಟ್ಟೆ. ಲೋಟ ಮಾತ್ರ ಎರಡು. ಗೋಡೆಯ ಮೇಲೆ ಕರಿಹಲಗೆ. ಮಂಚದ ಕೆಳಗೆ ಒಂದು ಸೂಟ್‌ಕೇಸು. ತೆರೆದರೆ ಮಡಚಿದ ಬಟ್ಟೆಗಳು ತುಂಬಿದ್ದವು.

“ಎಲ್ಲಿಗೋ ಹೊರಟಿದ್ರು,” ಎಂದಳು ಅವಳು.

* * *

ಹೆಣ ಮೊದಲು ಕಂಡವಳು ಒಬ್ಬ ನರ್ಸ್. ಸಂದರ್ಶನಕ್ಕೆಂದು ಮೇಷ್ಟ್ರ ಹತ್ತಿರ ಇಂಗ್ಲಿಷ್ ಕಲಿಯುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಳು.

“ನಿನ್ನೆ ಸಂಜೆ ಪಾಠಕ್ಕೆ ಬಂದಿದ್ದೆ. ಬಾಗಿಲು ತೆಗೀಲಿಲ್ಲ. ಪಾಠ ಇಲ್ಲ ಅಂತ ಒಳಗಿಂದಾನೇ ಹೇಳಿದ್ರು. ಇವತ್ತು ಬಂದು ತಳ್ಳಿದ್ರೆ ಬಾಗಿಲು ತೆರ್ಕೊಂಡ್ತು.”

“ಅವರದೇ ದನಿಯಾ?”

“ಅವರದೇ. ಆ ಕೆಮ್ಮು, ಆ ಗೊಗ್ಗರು ದನಿ ಯಾರಿಗೆ ಬರುತ್ತೆ?”

ಸಾವು ಮಧ್ಯಾಹ್ನಕ್ಕೂ ರಾತ್ರಿಗೂ ನಡುವೆ ಆಗಿದೆ ಎಂದಿದ್ದರು ಡಾಕ್ಟರು. ಪಾಠದ ಹೊತ್ತಿಗೆ ಮೇಷ್ಟ್ರು ಬದುಕಿದ್ದರೆ ಕೊಂದವನು ಆಮೇಲೆ ಬಂದಿರಬೇಕು. ಆಮೇಲೆ ಬಂದವನು ಒಬ್ಬನೇ. ಪುಸ್ತಕ ಪ್ರಕಾಶನದ ಸಂಪಾದಕ. ಅವನು ಬಾಗಿಲು ಬಡಿದು ಕೂಗಾಡಿದ್ದನ್ನು ಎದುರುಮನೆ ದರ್ಜಿ ಕೇಳಿಸಿಕೊಂಡಿದ್ದ.

ಮನೆಯ ಕೆಳಗೇ ಗಡಿಯಾರ ರಿಪೇರಿ ಅಂಗಡಿ. ಅಲ್ಲಿಯವನೂ ಅದನ್ನೇ ಹೇಳಿದ. ಐವತ್ತು ದಾಟಿದ ಒಂಟಿ ಆಸಾಮಿ. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಮಾತಾಡಿದ.

“ಕಟ್ಟಡ ನಡುಗೋ ಹಾಗೆ ಕಿರುಚಾಡ್ದ ಮೇಡಂ. ನಾನಂತೂ ಇಡೀ ದಿನ ಇಲ್ಲೇ ಕೂತಿದ್ದೆ.”

* * *

ಸಂಪಾದಕ ಬಿಳಿಚಿಕೊಂಡಿದ್ದ.

“ಕೂಗಾಡಿದ್ದು ನಿಜ. ಆ ಮನುಷ್ಯ ಇಂಗ್ಲಿಷ್ ಕ್ರಿಯಾಪದಗಳ ಕೋಶ ಬರೀತಿದ್ದ. ‘ಟೇಕ್’ ಹತ್ರ ಬಂದು ಕೂತುಬಿಟ್ಟಿದ್ದ. ಟೇಕ್ ಆಫ್, ಟೇಕ್ ಇನ್, ಟೇಕ್ ಆಫ್ಟರ್. ಮುಗಿಯೋ ಮಾತೇ ಇಲ್ಲ. ನನ್ನ ತಲೆ ಕೂದಲು ಉದುರಿದ್ದೇ ಆ ಟೇಕ್‌ನಿಂದ. ಆದ್ರೆ ಬಾಗಿಲು ತೆಗೀಲಿಲ್ಲ, ನಾನು ವಾಪಸ್ ಬಂದೆ.”

“ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿ ನೋಡ್ಲಿಲ್ವಾ?”

“ಕಂಡೋರ ಮನೆ ಬಾಗಿಲು ತಳ್ಳೋ ಅಭ್ಯಾಸ ನನಗಿಲ್ಲ.”

ಇನ್ಸ್‌ಪೆಕ್ಟರ್ ನಂಬಲಿಲ್ಲ. ಪೇದೆಯಂತೂ ಆಗಲೇ ಕೋಳದ ಮೇಲೆ ಕೈಯಿಟ್ಟಿದ್ದ.

ಸೂಟ್‌ಕೇಸಿನ ಗುಟ್ಟು ಫೋನಿನಲ್ಲಿ ಬಯಲಾಯಿತು. ಮೇಷ್ಟ್ರ ತಂಗಿ ದೂರದ ಊರಿನಲ್ಲಿದ್ದರು. 

“ಅಣ್ಣ ನಾಳೆ ನನ್ನ ಹತ್ರ ಬರೋನಿದ್ದ. ಇನ್ನು ನಿನ್ನ ಜೊತೇಲೇ ಇರ್ತೀನಿ ಕಣೇ ಅಂದಿದ್ದ. ಅಲ್ಲಿ ಒಬ್ಬರಿಗೆ ಮಾತ್ರ ಹೇಳಿ ಬರ್ಬೇಕು, ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ ಅಂತಿದ್ದ.”

“ಯಾರಿಗೆ?”

“ಹೆಸರು ಹೇಳ್ಲಿಲ್ಲಮ್ಮ.”

* * *

ಹೇಳಿಕೆಗೆ ಸಹಿ ಹಾಕಲು ನರ್ಸ್ ಠಾಣೆಗೆ ಬಂದಳು.

“ಪಾಠ ಇಲ್ಲ ಅಂದದ್ದು ಯಾವ ಮಾತಲ್ಲಿ?” ಇನ್ಸ್‌ಪೆಕ್ಟರ್ ಕೇಳಿದಳು.

“ಇಂಗ್ಲಿಷಲ್ಲೇ. ಪಾಠದ ಹೊತ್ತಲ್ಲಿ ಅವರು ಕನ್ನಡ ಆಡ್ತಿರಲಿಲ್ಲ. ‘ನೋ ಕ್ಲಾಸ್. ಐ ಹ್ಯಾವ್ ಕಾಲ್ಡ್ ಆಫ್ ಇಟ್’ ಅಂದ್ರು.” ಅವಳು ಸಹಿಯ ಹಾಳೆ ಪಕ್ಕಕ್ಕಿಟ್ಟಳು. “ನಗ್ತಾ ಮೆಟ್ಟಿಲು ಇಳಿದೆ ಮೇಡಂ. ಅದೇ ತಪ್ಪಿಗೆ ನನ್ನ ಎಷ್ಟು ಸಲ ಬೈದಿದ್ರು! ಕೊನೆಗೆ ಅವರ ಬಾಯಲ್ಲೂ ಬಂತಲ್ಲ ಅಂತ ಖುಷಿಯಾಗಿತ್ತು.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟಳು.

“ಯಾವ ತಪ್ಪು?”

“ಕಾಲ್ಡ್ ಇಟ್ ಆಫ್ ಅನ್ಬೇಕು. ‘ಇಟ್’ ನಡುವೆ ಬರ್ಬೇಕು.”

ಇನ್ಸ್‌ಪೆಕ್ಟರ್ ಎದ್ದು, ಪಕ್ಕದ ಕೋಣೆಯಲ್ಲಿ ಕೂರಿಸಿದ್ದ ಸಂಪಾದಕನ ಮುಂದೆ ನೇರ ಹೋಗಿ ನಿಂತಳು.

“ಕಾಲ್ ಆಫ್ ಅಂದ್ರೆ ರದ್ದು ಮಾಡೋದು. ‘ಇಟ್’ ಎಲ್ಲಿ ಬರುತ್ತೆ?”

“ನಡುವೆ,” ಎಂದ ಅವನು, ಯೋಚಿಸದೆ. “ಆಫ್ ಅಲ್ಲಿ ಕ್ರಿಯಾಪದದ ಬೆನ್ನಿಗೆ ಅಂಟಿರೋ ಕ್ರಿಯಾವಿಶೇಷಣ. ಕಾಲ್ ಇಟ್ ಆಫ್, ಪಿಕ್ ಇಟ್ ಅಪ್. ಆದ್ರೆ ಲುಕ್ ಆಫ್ಟರ್ ಇಟ್. ಅಲ್ಲಿ ಆಫ್ಟರ್ ನಾಮಪದದ ಕೈ ಹಿಡಿದಿರುತ್ತೆ, ಬಿಡೋದಿಲ್ಲ. ಯಾಕೆ?”

“ಮೇಷ್ಟ್ರು ತಪ್ಪೋಕೆ ಸಾಧ್ಯಾನಾ?”

“ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಇಲ್ಲ.”

“ನೀವು?”

“ಅವಮಾನ ಮಾಡ್ಬೇಡಿ ಮೇಡಂ.”

“ಅವರ ದನಿ ಅನುಕರಿಸೋರು ಯಾರಾದ್ರೂ ಗೊತ್ತಾ?”

ಸಂಪಾದಕ ಹಣೆ ಒರೆಸಿಕೊಂಡ. “ಕೆಳಗಿನ ಗಡಿಯಾರದವನು ಒಂದ್ಸಲ ಫೋನಲ್ಲಿ ನನ್ನನ್ನೇ ಏಮಾರಿಸಿದ್ದ. ಆಮೇಲೆ ಹಿಂದಿನಿಂದ ಮೇಷ್ಟ್ರು ನಕ್ಕಿದ್ದು ಕೇಳಿಸ್ತು.”

* * *

ಇನ್ಸ್‌ಪೆಕ್ಟರ್ ಗಡಿಯಾರದ ಅಂಗಡಿಯ ಹೊರಗೆ ನಿಂತಳು. ಒಳಗೆ ಟೈ ಕಟ್ಟಿದ ಗಿರಾಕಿಯೊಬ್ಬ ಇಂಗ್ಲಿಷಿನಲ್ಲಿ ಕೈಗಡಿಯಾರ ಯಾವಾಗ ಸಿಗುತ್ತದೆ ಎಂದು ಕೇಳಿದ.

“ಪಿಕ್ ಅಪ್ ಇಟ್ ಟುಮಾರೊ ಸರ್,” ಎಂದ ಗಡಿಯಾರದವನು.

ಗಿರಾಕಿ ಹೋದ ಮೇಲೆ ಅವಳು ಒಳಗೆ ಬಂದು ಶಟರ್ ಅರ್ಧ ಎಳೆದಳು. ನೂರಾರು ಗಡಿಯಾರಗಳು ಒಂದೊಂದೂ ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತಿದ್ದವು.

“ಘಟನೆ ದಿನ ಮಧ್ಯಾಹ್ನ ಈ ಶಟರ್ ಮುಚ್ಚಿತ್ತಂತೆ. ಗಿರಾಕಿ ಬಂದು ವಾಪಸ್ ಹೋದ್ರು ಅಂತ ದರ್ಜಿ ಹೇಳ್ದ. ನೀವು ಇಡೀ ದಿನ ಕೂತಿದ್ದೆ ಅಂದ್ರಿ.”

“ಊಟಕ್ಕೆ...”

“ಮೇಲಕ್ಕೆ ಹೋಗಿದ್ರಿ. ನರ್ಸ್ ಬಾಗಿಲು ತಟ್ಟಿದಾಗ ಮೇಷ್ಟ್ರು ಆಗಲೇ ಸತ್ತಿದ್ರು. ಒಳಗಿಂದ ಮಾತಾಡಿದೋರಿಗೆ ಅವರ ದನಿ ಬರ್ತಿತ್ತು, ವ್ಯಾಕರಣ ಬರ್ತಿರಲಿಲ್ಲ. ‘ಕಾಲ್ಡ್ ಆಫ್ ಇಟ್’ ಅಂತ ‘ಇಟ್’ನ ಕೊನೇಲಿ ಇಟ್ರು. ಆ ತಪ್ಪು ಸಾವಿರ ಜನ ಮಾಡ್ತಾರೆ. ಅದರಿಂದ ನೀವೇ ಅಂತ ಗೊತ್ತಾಗ್ಲಿಲ್ಲ, ಮೇಷ್ಟ್ರಲ್ಲ, ಸಂಪಾದಕನೂ ಅಲ್ಲ ಅಂತ ಮಾತ್ರ ಗೊತ್ತಾಯ್ತು. ಆದ್ರೆ ಹೆಣಕ್ಕೆ ದಿಂಬಿಟ್ಟು ಹೊದಿಸೋ ಅಷ್ಟು ಅಕ್ಕರೆ ಇದ್ದೋರು, ದನಿ ಕದಿಯೋ ಅಷ್ಟು ಹತ್ತಿರ ಇದ್ದೋರು ಈ ಬೀದೀಲಿ ಇನ್ಯಾರಿದ್ದಾರೆ? ಎರಡನೇ ಲೋಟ ನಿಮ್ಮದೇ ಅಲ್ವಾ?”

ಗಡಿಯಾರದವನು ಭೂತಗಾಜು ತೆಗೆದ. ಆ ಕಣ್ಣಿನ ಸುತ್ತ ಕೆಂಪು ಬಳೆ ಮೂಡಿತ್ತು.

“ದಿನಾ ಸಂಜೆ ಪಾಠ ಮುಗಿದ್ಮೇಲೆ ಹೋಗ್ತಿದ್ದೆ. ಚಹಾ ಕುಡೀತಿದ್ವಿ. ಅವರು ಒಂದೊಂದು ಪದ ಹೇಳೋರು, ನಾನು ಅವರ ದನೀಲೇ ತಿರುಗಿ ಹೇಳಿ ನಗಿಸ್ತಿದ್ದೆ. ನನಗೆ ಬೇರೆ ಯಾರಿದ್ರು?”

“ಅವತ್ತು ಮಧ್ಯಾಹ್ನ?”

“ಅವರೇ ಕರೆದ್ರು. ತಂಗಿ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ ಅಂದ್ರು. ನನ್ನ ಗತಿ ಏನು ಅಂದೆ. ನಕ್ಕುಬಿಟ್ರು ಮೇಡಂ. ‘ಯು ವಿಲ್ ಗೆಟ್ ಓವರ್ ಇಟ್’ ಅಂದ್ರು. ಓವರ್! ಇಷ್ಟು ವರ್ಷದ್ದೆಲ್ಲ ಮುಗೀತು ಅಂತ ನಗ್ತಾ ಹೇಳ್ತಾರಾ? ತಳ್ಳಿಬಿಟ್ಟೆ. ತಲೆ ಮೇಜಿಗೆ ತಾಗ್ತು. ಎದ್ದೇಳ್ಲಿಲ್ಲ. ದಿಂಬಿಟ್ಟು ಅವರ ಕೈ ಹಿಡ್ಕೊಂಡು ಕೂತೆ, ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ಬಾಗಿಲು ತಟ್ಟಿದ್ರು.”

ಇನ್ಸ್‌ಪೆಕ್ಟರ್ ಸ್ಟೂಲು ಎಳೆದು ಅವನ ಎದುರು ಕೂತಳು.

“ಅದರರ್ಥ ಮುಗೀತು ಅಂತ ಅಲ್ಲ,” ಎಂದಳು. “ಈಗ ನೋವಾಗುತ್ತೆ, ಆಮೇಲೆ ಚೇತರಿಸ್ಕೋತೀಯ ಅಂತ. ಸಮಾಧಾನ ಮಾಡ್ತಿದ್ರು ನಿಮಗೆ.”

ಅವನು ಅವಳ ಮುಖವನ್ನೇ ನೋಡಿದ. ಕೈ ತಾನಾಗಿ ಮೇಜಿನ ಮೇಲಿನ ಚಿಕ್ಕ ಚಕ್ರಗಳನ್ನು ತಡಕಾಡಿತು.

“ಗೆಟ್ ಓವರ್ ಇಟ್ ಅಂದಾಗ ಅವರು ‘ಇಟ್’ನ ಕೊನೇಲೇ ಇಟ್ಟಿದ್ರಲ್ಲ ಮೇಡಂ,” ಎಂದ. “ಅದನ್ನ ಕೇಳ್ಕೊಂಡೇ ಬಾಗಿಲ ಹಿಂದೆ ನಾನೂ ಹಾಗೇ ಇಟ್ಟೆ.”