ಛಾವಣಿಯಿಂದ ಜಾರಿದ ಸ್ವರ

ಸರ್ರ್... ಠಣ್!

ಚೋಟಿ ಊದುತ್ತಿದ್ದ ಟ್ರೊಂಬೋನ್ ವಾದ್ಯದ ಜಾರುವ ಕೊಳವೆ ಕೈತಪ್ಪಿ ಹಾರಿ, ಡ್ರಮ್ಮಿನ ಕೆಳಗೆ ನುಗ್ಗಿತು. ಶಾಲೆಯ ಆರ್ಕೆಸ್ಟ್ರಾ ಪೂರ್ತಿ ಗೊಳ್ಳೆಂದು ನಕ್ಕಿತು.

"ಸಾಕು ನಗು!" ಎಂದರು ಮ್ಯೂಸಿಕ್ ಮೇಷ್ಟ್ರು. "ಕೊಳವೆ ನೆಗ್ಗಿತೇನಮ್ಮಾ?"

"ಇಲ್ಲ ಸರ್," ಎಂದಳು ಚೋಟಿ. ಮುಖ ಕೆಂಪಗಾಗಿತ್ತು.

ಶನಿವಾರ ಶಾಲೆಯ ಹಾಲ್‌ನಲ್ಲಿ ಒಂದು ಮೂಕಿ ಸಿನಿಮಾ ಇತ್ತು. ಪೆದ್ದ ಕೌಬಾಯ್ ಒಬ್ಬನ ಸಾಹಸ. ಅದಕ್ಕೆ ಮೂವತ್ತು ಮಕ್ಕಳು ಪರದೆಯ ಮುಂದೆ ಕೂತು ಸಂಗೀತ ನುಡಿಸಬೇಕು. ಕುದುರೆ ಓಡಿದರೆ ವಯಲಿನ್‌ಗಳೂ ಓಡಬೇಕು. ಕಳ್ಳರು ಬಂದರೆ ಡ್ರಮ್ ಗುಡುಗಬೇಕು. ಕೌಬಾಯ್ ಛಾವಣಿಯಿಂದ ಜಾರಿ ನೀರಿನ ತೊಟ್ಟಿಗೆ ಬೀಳುವಾಗ ಮಾತ್ರ ಎಲ್ಲರೂ ಗಪ್‌ಚುಪ್. ಆಗ ಚೋಟಿಯದು ಒಬ್ಬಳದೇ ಸ್ವರ!

ಕೊಳವೆಯನ್ನು ಮುಂದಕ್ಕೆ ತಳ್ಳಿದಷ್ಟೂ ಟ್ರೊಂಬೋನಿನ ಸ್ವರ ಕೆಳಗಿಳಿಯುತ್ತದೆ. ಚೋಟಿಯ ಕೈ ಎಟುಕುವುದು ಮುಕ್ಕಾಲು ದೂರ ಅಷ್ಟೇ. ಇನ್ನೂ ತಳ್ಳಿದರೆ ಈಗ ಆದದ್ದೇ ಗತಿ.

"ನೀನು ಅರ್ಧಕ್ಕೇ ನಿಂತ್ರೆ ಕೌಬಾಯ್ ಗಾಳೀಲೇ ನೇತಾಡ್ತಾನಮ್ಮಾ," ಎಂದರು ಮೇಷ್ಟ್ರು. "ನಾಳೇನೂ ಆಗ್ಲಿಲ್ಲ ಅಂದ್ರೆ ಈ ಸ್ವರ ಉದ್ದಣ್ಣಂಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಉದ್ದಣ್ಣ ಪಕ್ಕದ ಕುರ್ಚಿಯ ಟ್ರೊಂಬೋನ್ ಹುಡುಗ. ಅವನ ಕೈ ಎಲ್ಲಿಗೆ ಬೇಕಾದರೂ ಎಟುಕುತ್ತಿತ್ತು. ಚೋಟಿಗೆ ಹೊಟ್ಟೆ ಉರಿಯಿತು.

ಮನೆಯ ಮುಂದಿನ ಕೋಣೆಯೇ ಅಪ್ಪನ ಟೈಲರ್ ಅಂಗಡಿ. "ಅಪ್ಪಾ, ನನ್ನ ಕೈ ಅಳತೆ ತಗೋ," ಎಂದಳು ಟ್ರೊಂಬೋನ್ ಹೊತ್ತು ಬಂದ ಚೋಟಿ.

"ಯಾಕೇ, ಹೊಸ ಫ್ರಾಕ್ ಬೇಕಾ?"

"ಇಲ್ಲ! ನನ್ನ ಕೈ ಗಿಡ್ಡ!" ಎಂದವಳೇ ಬಿಕ್ಕಿ ಬಿಕ್ಕಿ ಅಳುತ್ತಾ ಎಲ್ಲವನ್ನೂ ಹೇಳಿದಳು.

ಅಪ್ಪ ತಲೆ ಕೆರೆದುಕೊಂಡ. "ಅಂಗಿ ತೋಳು ಸಾಲದಿದ್ರೆ ಪಟ್ಟಿ ಜೋಡಿಸ್ತೀನಿ. ಕೈಗೇ ಏನು ಜೋಡಿಸ್ಲಿ ಮಾರಾಯ್ತಿ?"

ಚೋಟಿಯ ಅಳು ಗಕ್ಕನೆ ನಿಂತಿತು. "ಪಟ್ಟೀನೇ ಜೋಡಿಸಪ್ಪಾ!"

ಗಟ್ಟಿ ಬಟ್ಟೆಪಟ್ಟಿಯ ಒಂದು ತುದಿ ಕೊಳವೆಗೆ, ಇನ್ನೊಂದು ತುದಿ ಉಂಗುರದ ಹಾಗೆ ಅವಳ ಬೆರಳಿಗೆ. ಮೊದಲ ಪಟ್ಟಿ ಉದ್ದವಾಗಿ ಕೊಳವೆ ಕಳಚಿ, ಮುಂದೆ ಇಟ್ಟಿದ್ದ ದಿಂಬಿನ ಮೇಲೆ ಹಾರಿತು. ಎರಡನೆಯದು ಗಿಡ್ಡವಾಯಿತು. ಮೂರನೆಯದು ಸರಿಯಾಗಿ ಕೂತಿತು.

"ಕೊನೇಲಿ ತಳ್ಳಿ ಕೈ ಬಿಡು. ಪಟ್ಟಿ ಹಿಡ್ಕೊಳ್ಳುತ್ತೆ."

"ಹಿಡೀದಿದ್ರೆ?"

"ನನ್ನ ಹೊಲಿಗೆ ಕಣೇ ಅದು! ಕಿತ್ತು ಬಂದ್ರೆ ಅಂಗಡಿ ಬೋರ್ಡೇ ಇಳಿಸ್ತೀನಿ."

ಮರುದಿನ ಪ್ರಾಕ್ಟೀಸಿನಲ್ಲಿ ಮೂರರಲ್ಲಿ ಎರಡು ಸಲ ಸರಿಯಾಯಿತು. ಇನ್ನೊಂದು ಸಲ ಅವಳು ಹೆದರಿ ಕೈ ಬಿಡಲೇ ಇಲ್ಲ. "ನೀನೇ ನುಡಿಸು," ಎಂದರು ಮೇಷ್ಟ್ರು. ಯಾರಿಗೂ ಕಾಣದಿರಲಿ ಎಂದು ಚೋಟಿ ಪಟ್ಟಿಯನ್ನು ಅಂಗಿಯ ಉದ್ದ ತೋಳಿನೊಳಗೆ ಮುಚ್ಚಿಕೊಂಡಳು.

ಶನಿವಾರ ಹಾಲ್ ತುಂಬಿತ್ತು. ಕುದುರೆ ಓಡಿತು, ವಯಲಿನ್‌ಗಳು ಓಡಿದವು, ಡ್ರಮ್ ಗುಡುಗಿತು. ಕೌಬಾಯ್ ಛಾವಣಿ ಹತ್ತಿ ಟೊಪ್ಪಿ ಎತ್ತಿದ. ಕಾಲು ಜಾರಿತು.

ಎಲ್ಲರೂ ಸುಮ್ಮನಾದರು. ಚೋಟಿ ಊದಿದಳು, ತಳ್ಳಿದಳು. ಕೈಯ ಉದ್ದ ಮುಗಿಯಿತು, ಕೌಬಾಯ್ ಇನ್ನೂ ಜಾರುತ್ತಿದ್ದ. ಅವಳು ಕೈ ಬಿಟ್ಟಳು.

ಪಟ್ಟಿ ಹಿಡಿದುಕೊಂಡಿತು! ಪೋಂ... ಎಂದು ಸ್ವರ ಪಾತಾಳಕ್ಕೆ ಇಳಿಯಿತು. ಅದೇ ಕ್ಷಣ ಕೌಬಾಯ್ ತೊಟ್ಟಿಯಲ್ಲಿ ಧೊಪ್ಪನೆ ಬಿದ್ದ. ಹಾಲ್ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಿಂದ ಅಪ್ಪನ ಸಿಳ್ಳೆ ಕೇಳಿತು. ಮೂವತ್ತು ಮಕ್ಕಳೂ ಒಟ್ಟಿಗೆ ನುಡಿಸಿದ ಗೆಲುವಿನ ಸಂಗೀತಕ್ಕೆ ಕಿಟಕಿಗಳೇ ಗಡಗಡ ಎಂದವು.

ಚಪ್ಪಾಳೆಯ ನಡುವೆ ಮೇಷ್ಟ್ರು ತಾವು ನಿಂತಿದ್ದ ಮರದ ಪೆಟ್ಟಿಗೆಯಿಂದ ಕೆಳಗಿಳಿದರು. ಅರೆ! ಅವರು ಉದ್ದಣ್ಣನ ಭುಜದಷ್ಟೇ ಎತ್ತರ. ಡ್ರಮ್ಮಿನ ಹುಡುಗ ಕೂತಿದ್ದ ಸ್ಟೂಲಿನ ಮೇಲೆ ಎತ್ತರಕ್ಕೆಂದು ಇಟ್ಟ ಎರಡು ದಪ್ಪ ಪುಸ್ತಕಗಳಿದ್ದವು. ಇದೆಲ್ಲ ಇಷ್ಟು ದಿನ ತನಗೆ ಯಾಕೆ ಕಾಣಲಿಲ್ಲ ಎಂದುಕೊಂಡಳು ಚೋಟಿ.

"ಅದೇನೇ ನಿನ್ನ ಕೈಯಲ್ಲಿ?" ಎಂದ ಉದ್ದಣ್ಣ.

ಚೋಟಿ ಅಂಗಿಯ ತೋಳು ಮಡಚಿ ಕೈ ಎತ್ತಿ ತೋರಿಸಿದಳು. "ಪಟ್ಟಿ ಕಣೋ. ನಮ್ಮಪ್ಪ ಹೊಲಿದಿದ್ದು!"