ಕೋಟಿನಲ್ಲೇ ಉಳಿದ ನಕ್ಷತ್ರ

ಹಳೆಯ ಜರ್ಮನ್ ಸರದಾರರು ಕೋಟಿನ ಎದೆಗೆ ಹೊಲಿಸಿಕೊಳ್ಳುತ್ತಿದ್ದ ಜರಿ ನಕ್ಷತ್ರಗಳು ನನ್ನಲ್ಲಿ ಹದಿನಾಲ್ಕಿವೆ. ಎಲ್ಲವೂ ಕೋಟಿನಿಂದ ಬಿಚ್ಚಿದವು. ಬಾಂಬೆರ್ಗ್ ಊರಿನ ಗೆಳತಿ ಒಟ್ಟೀಲಿಯೆಗೆ ಮಾತ್ರ ಕೋಟಿನ ಮೇಲೇ ಉಳಿದದ್ದೊಂದು ಸಿಕ್ಕಿತು. ಅವಳ ಮನೆಯಲ್ಲಿ ಅದನ್ನು ನೋಡುತ್ತಲೇ ನನ್ನ ಹೊಟ್ಟೆ ಉರಿಯಿತು.

“ಕಣ್ಣು ಹಾಕ್ಬೇಡ ಕಣೇ, ಜರಿ ಕಪ್ಪಾದೀತು!” ಎಂದು ನಗುತ್ತಾ ಅವಳು ಕಾಫಿ ತರಲು ಹೋದಳು.

ನನಗಿಲ್ಲದ್ದು ಅವಳಿಗೂ ಬೇಡವೆಂದು ಪುಟ್ಟ ಕತ್ತರಿಯಿಂದ ಮೂರು ಹೊಲಿಗೆ ಕತ್ತರಿಸಿದೆ. ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ನಕ್ಷತ್ರ ಮಾತ್ರ ಮೈಯಂತೆ ಬೆಚ್ಚಗಿತ್ತು. ನಾಲ್ಕನೆಯದಕ್ಕೆ ಕತ್ತರಿ ತಾಗಿಸಿದಾಗ ಅದು ಉಸಿರೆಳೆದಂತೆ ಮೆಲ್ಲನೆ ಉಬ್ಬಿತು. ಅಲ್ಲಿಗೇ ಬಿಟ್ಟು ಮನೆಗೆ ಬಂದುಬಿಟ್ಟೆ.

ಭಾನುವಾರ ಅವಳ ಫೋನ್ ಬಂತು. “ಲೇ, ನಕ್ಷತ್ರಕ್ಕೆ ಮೂರು ಹೊಸ ಹೊಲಿಗೆ ಬಿದ್ದಿದೆ ಕಣೇ. ಕೂದಲಲ್ಲಿ ಯಾರಾದ್ರೂ ಹೊಲೀತಾರೇನೇ? ಅದೂ ಕೆಂಪು ಕೂದಲು!”

ಒಟ್ಟೀಲಿಯೆಯ ತಲೆ ಪೂರ್ತಿ ಬಿಳಿ. ಕೆಂಪು ಕೂದಲಿನವಳು ನಾನು.